ಸ್ಟ್ಯಾಂಡು ಮುರಿಯೋದಿಲ್ಲ, ಮಗುಚತ್ತೆ: ವೇದಿಕೆಯ ಮೂರು ಕಾಲುಗಳ ಲೆಕ್ಕಾಚಾರ

ಇವತ್ತು ನಾವು ಮಾತಾಡ್ತಾ ಇರೋದು ಯಾರೂ ಫೋಟೋ ತೆಗೆಯದ ಒಂದು ವಸ್ತುವಿನ ಬಗ್ಗೆ. ವೇದಿಕೆಯ ಮೇಲೆ ಮೈಕು, ಸ್ಪೀಕರ್, ಕೀಬೋರ್ಡು, ದೀಪ, ಇವನ್ನೆಲ್ಲ ಹೊತ್ತುಕೊಂಡು ಸುಮ್ಮನೆ ನಿಂತಿರತ್ತಲ್ಲ, ಆ ಸ್ಟ್ಯಾಂಡು.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಕನ್ನಡದ ವೇದಿಕೆಗೆ ಐವತ್ತು ವರ್ಷ ದಾಟಿದೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಶುರುವಾಗಿದ್ದು 1973ರಲ್ಲಿ. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ಬೇಸಿಗೆಯ ಪಿಕ್ನಿಕ್ಕು, ನಾಟಕ, ಯಕ್ಷಗಾನ, ಸುಗಮ ಸಂಗೀತ ಅಂತ ವರ್ಷವಿಡೀ ಏನಾದರೊಂದು ಇದ್ದೇ ಇರತ್ತೆ. 2014ರಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನವೂ ಸ್ಯಾನ್ ಹೋಸೆಯಲ್ಲೇ ನಡೀತು. ದೊಡ್ಡ ಸಮ್ಮೇಳನಕ್ಕೆ ವೃತ್ತಿಪರ ತಂಡಗಳು ಬರ್ತವೆ. ಉಳಿದ ಕಾರ್ಯಕ್ರಮಗಳಲ್ಲಿ ಸ್ಟ್ಯಾಂಡು ಬಿಡಿಸಿ ನಿಲ್ಲಿಸೋರು ಸ್ವಯಂಸೇವಕರು. ವಾರವಿಡೀ ಆಫೀಸು, ಶನಿವಾರ ಬೆಳಗ್ಗೆ ಬಾಡಿಗೆ ಸಭಾಂಗಣದಲ್ಲಿ ವೈರು, ಟೇಪು, ಸ್ಪೀಕರು. ಸಭಾಂಗಣದ ಬಾಡಿಗೆ ಗಂಟೆಗಿಷ್ಟು ಅಂತ ಇರೋದ್ರಿಂದ ಎಲ್ಲದಕ್ಕೂ ಅವಸರ. ಸ್ಪೀಕರ್ ಪಕ್ಕದಲ್ಲೇ ಮಕ್ಕಳು ಓಡಾಡ್ತಾ ಇರ್ತವೆ.

ಈಗ ನಿಮ್ಮ ಕೂಟಕ್ಕೆ ಎರಡು ಹೊಸ ಸ್ಪೀಕರ್ ಸ್ಟ್ಯಾಂಡ್ ಬೇಕು ಅಂತಿಟ್ಕೊಳ್ಳಿ. ಅಂಗಡಿಗೆ ಹೋದ್ರೆ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರತ್ತೆ: 50 ಕೆಜಿ ಹೊರತ್ತೆ. ನಿಮ್ಮ ಸ್ಪೀಕರ್ ಇರೋದು 20 ಕೆಜಿ. ಸರಿ, ಧಾರಾಳವಾಯ್ತು ಅಂತ ಕೊಂಡುಬಿಡ್ತೀವಿ. ಆದ್ರೆ ಆ 50 ಕೆಜಿ ಹೇಳೋದು ಒಂದೇ ವಿಷಯ: ನೆಟ್ಟಗೆ ನಿಂತ ಕೊಳವೆಯ ತಲೆಯ ಮೇಲೆ, ಸರಿಯಾಗಿ ನಡುವಿಗೆ, ಅಷ್ಟು ಭಾರ ಇಟ್ಟರೆ ಅದು ಬಾಗೋದಿಲ್ಲ, ಜಾರೋದಿಲ್ಲ. ಸ್ಟ್ಯಾಂಡುಗಳಿಂದ ಆಗೋ ಅಪಾಯ ಸಾಮಾನ್ಯವಾಗಿ ಈ ದಾರಿಯಲ್ಲಿ ಬರೋದಿಲ್ಲ. ಅವು ಮುರಿಯೋದು ಅಪರೂಪ, ಮಗುಚೋದು ಸುಲಭ. ಮಗುಚೋದನ್ನ ತಡೆಯೋ ಸಂಖ್ಯೆ ಡಬ್ಬದ ಮೇಲೆ ದೊಡ್ಡದಾಗಿ ಇರೋದಿಲ್ಲ. ಅದನ್ನ ನಾವೇ ಟೇಪು ಹಿಡಿದು ಅಳೀಬೇಕು.

ಅದಕ್ಕೂ ಮೊದಲು ಒಂದು ಪ್ರಶ್ನೆ. ಅಷ್ಟು ಅಪಾಯ ಇದ್ರೆ ಸ್ಪೀಕರನ್ನ ನೆಲದ ಮೇಲೇ ಇಡಬಾರದಾ? ಇಡಬಹುದು, ಮಾತು ಕೇಳಿಸೋದಿಲ್ಲ ಅಷ್ಟೇ. ನಮ್ಮ ಮಾತಿನಲ್ಲಿ ಸ್ವರಗಳ ಶಕ್ತಿ ಹೆಚ್ಚಾಗಿ ಕೆಳಗಿನ ಕಂಪನಾಂಕಗಳಲ್ಲಿ ಇರತ್ತೆ. ಸ, ಶ, ಚ, ಟ, ತ ಇಂಥ ವ್ಯಂಜನಗಳ ಗುರುತು ಇರೋದು ಮೇಲಿನ ಕಂಪನಾಂಕಗಳಲ್ಲಿ, ಅಂದ್ರೆ ಸೆಕೆಂಡಿಗೆ ಕೆಲವು ಸಾವಿರ ಕಂಪನಗಳ ಮಟ್ಟದಲ್ಲಿ. ಈ ಮೇಲಿನ ಸದ್ದು ಟಾರ್ಚಿನ ಬೆಳಕಿನ ಹಾಗೆ ನೇರವಾಗಿ ಹೋಗತ್ತೆ. ಮುಂದಿನ ಸಾಲಿನವರ ಮೈ, ಸೀರೆ, ಜಾಕೆಟ್ಟು ಅದನ್ನ ಹೀರಿಬಿಡ್ತವೆ. ಆಗ ಹಿಂದಿನ ಸಾಲಿಗೆ ಗದ್ದಲ ತಲುಪತ್ತೆ, ಪದ ತಲುಪೋದಿಲ್ಲ. ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಪದವೇ ಹೋದ್ರೆ ಇನ್ನೇನು ಉಳಿಯತ್ತೆ ಹೇಳಿ. ಹಾಗಾಗಿ ಸ್ಪೀಕರಿನ ಮೇಲಿನ ಬಾಯಿ ಕೂತವರ ತಲೆಗಳಿಗಿಂತ ಮೇಲಿರಬೇಕು, ಅಂದ್ರೆ ಸುಮಾರು 2 ಮೀಟರ್ ಎತ್ತರ. ಕೇಳಿಸೋದಕ್ಕೆ ಎತ್ತರ ಬೇಕು, ಬೀಳದೇ ಇರೋದಕ್ಕೆ ತಗ್ಗು ಬೇಕು. ಸ್ಟ್ಯಾಂಡ್ ಆರಿಸೋದು ಅಂದ್ರೆ ಈ ಎರಡರ ನಡುವಿನ ರಾಜಿ.

ಈಗ ಲೆಕ್ಕಕ್ಕೆ ಬರೋಣ. ಪೆನ್ನು ಬೇಡ, ಕೇಳಿಸ್ಕೊಂಡ್ರೆ ಸಾಕು.

ಟ್ರೈಪಾಡ್ ಸ್ಟ್ಯಾಂಡಿಗೆ ಮೂರು ಕಾಲು. ಮೂರು ಯಾಕೆ? ನಮ್ಮ ಅಜ್ಜಿಯಂದಿರ ಮೂರು ಕಲ್ಲಿನ ಒಲೆ ನೆನಪಿಸಿಕೊಳ್ಳಿ. ಅಂಗಳ ಎಷ್ಟೇ ಏರುಪೇರಾಗಿದ್ರೂ ಮೂರು ಕಲ್ಲಿನ ಮೇಲೆ ಇಟ್ಟ ಪಾತ್ರೆ ಗಡಗಡ ಅನ್ನೋದಿಲ್ಲ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಕೂರ್ತವೆ; ನಾಲ್ಕನೆಯದು ಬಂದ ಕೂಡಲೇ ಒಂದು ಕಾಲು ಗಾಳಿಯಲ್ಲಿ ನಿಲ್ಲಬಹುದು. ಆದ್ರೆ ಮೂರು ಕಾಲಿಗೆ ಒಂದು ಬೆಲೆ ತೆರಬೇಕು.

ನಮ್ಮ ಸ್ಟ್ಯಾಂಡಿನ ಪ್ರತಿ ಕಾಲೂ ನಡುಗಂಬದಿಂದ 60 ಸೆಂಟಿಮೀಟರ್ ದೂರಕ್ಕೆ ಚಾಚಿದೆ ಅಂತಿಟ್ಕೊಳ್ಳಿ. ಸ್ಟ್ಯಾಂಡು ಮಗುಚೋದು ಕಾಲಿನ ತುದಿಯ ಮೇಲಲ್ಲ. ಎರಡು ಕಾಲುಗಳ ತುದಿ ಸೇರಿಸೋ ಒಂದು ಗೆರೆ ಎಳೆದರೆ, ಅದು ಆ ಗೆರೆಯ ಮೇಲೆ ಬಾಗಿಲಿನ ಹಾಗೆ ತಿರುಗಿ ಬೀಳತ್ತೆ. ನಡುಗಂಬದಿಂದ ಆ ಗೆರೆಗೆ ಎಷ್ಟು ದೂರ? ರೇಖಾಗಣಿತ ಹೇಳೋ ಉತ್ತರ: ಕಾಲಿನ ಚಾಚಿನ ಸರಿಯಾಗಿ ಅರ್ಧ. ಅಂದ್ರೆ 30 ಸೆಂಟಿಮೀಟರ್. ನೋಡೋದಕ್ಕೆ ನಾಲ್ಕಡಿ ಹರವಿಕೊಂಡು ಭದ್ರವಾಗಿ ನಿಂತ ಹಾಗೆ ಕಾಣೋ ಸ್ಟ್ಯಾಂಡಿಗೆ ನಿಜವಾಗಿ ಇರೋ ಆಸರೆ ಒಂದಡಿ ಮಾತ್ರ. ಅದೇ ಚಾಚಿನ ನಾಲ್ಕು ಕಾಲಿದ್ರೆ ಇದು 42 ಸೆಂಟಿಮೀಟರ್ ಆಗ್ತಿತ್ತು. ಆದ್ರೆ ನೆಲ ಸಮ ಇಲ್ದಿದ್ರೆ ಕುಂಟುತ್ತೆ.

ಸ್ಪೀಕರ್ 20 ಕೆಜಿ, ಸ್ಟ್ಯಾಂಡ್ 5 ಕೆಜಿ, ಒಟ್ಟು 25. ಈ 25 ಕೆಜಿ ಭಾರ, 0.3 ಮೀಟರ್ ದೂರ. ಗುಣಿಸಿದ್ರೆ 7.5. ಮಗುಚೋದಕ್ಕೆ ಸ್ಟ್ಯಾಂಡು ಒಡ್ಡೋ ಪ್ರತಿರೋಧ ಇಷ್ಟೇ. ಇದನ್ನ ಕೆಜಿ-ಮೀಟರ್ ಅನ್ನೋಣ. ಈ 7.5 ಅನ್ನೋ ಅಂಕಿಯನ್ನ ನೆನಪಿಟ್ಕೊಳ್ಳಿ.

ಯಾರೋ ಕತ್ತಲಲ್ಲಿ ನಡೆದು ಬಂದು ಕಂಬಕ್ಕೆ ಒಂದೂವರೆ ಮೀಟರ್ ಎತ್ತರದಲ್ಲಿ ಭುಜ ತಾಗಿಸಿದ್ರು. ಇದು ಸನ್ನೆಕೋಲಿನ ಲೆಕ್ಕ. 7.5ನ್ನ 1.5ರಿಂದ ಭಾಗಿಸಿ: 5 ಕೆಜಿ. ಒಂದು ಐದು ಕೆಜಿ ಅಕ್ಕಿ ಚೀಲ ಎತ್ತೋವಷ್ಟು ಬಲದಿಂದ ಒತ್ತಿ ಹಿಡಿದ್ರೆ ಸ್ಟ್ಯಾಂಡು ವಾಲೋದಕ್ಕೆ ಶುರು ಮಾಡತ್ತೆ. ಸ್ಪೀಕರ್ ಹಿಂದಿನಿಂದ ಇಳಿಬಿಟ್ಟ ಕೇಬಲ್ಲಿಗೆ ಯಾರದೋ ಕಾಲು ಸಿಕ್ಕಿದ್ರೆ ಇನ್ನೂ ಸುಲಭ. ಎಳೆತ 2 ಮೀಟರ್ ಎತ್ತರದಲ್ಲಿ ಬೀಳೋದ್ರಿಂದ 4 ಕೆಜಿಗಿಂತ ಕಡಿಮೆ ಬಲ ಸಾಕು. ಮೇಲಿಂದ ಬಿದ್ದ 20 ಕೆಜಿ ಡಬ್ಬ ನೆಲ ಮುಟ್ಟೋವಾಗ ಗಂಟೆಗೆ ಸುಮಾರು 22 ಕಿಲೋಮೀಟರ್ ವೇಗದಲ್ಲಿರತ್ತೆ. ಅದರ ಕೆಳಗೆ ಮಗು ಇರಬಾರದು, ಅಷ್ಟೇ ನಮ್ಮ ಕಾಳಜಿ.

ಪರಿಹಾರ ದುಬಾರಿಯೇನಲ್ಲ. ಕೇಬಲ್ಲನ್ನ ಕಂಬಕ್ಕೆ ಸುತ್ತಿ ಕೆಳಗೆ ಇಳಿಸಿ, ಒಂದು ಕಾಲಿನ ಬುಡಕ್ಕೆ ಕಟ್ಟಿಬಿಡಿ. ಆಗ ಯಾರಾದ್ರೂ ಎಡವಿದ್ರೂ ಎಳೆತ ನೆಲದ ಮಟ್ಟದಲ್ಲೇ ಬೀಳತ್ತೆ. ಸನ್ನೆಕೋಲೇ ಇಲ್ಲ ಅಂದಮೇಲೆ ಮಗುಚೋ ಮಾತೂ ಇಲ್ಲ.

ಈಗ ಹೊರಗೆ ಹೋಗೋಣ. ಬೇ ಏರಿಯಾದ ಬೇಸಿಗೆಗೆ ಒಂದು ಗುಣ ಇದೆ. ಒಳನಾಡಿನ ಸೆಂಟ್ರಲ್ ವ್ಯಾಲಿ ಬಿಸಿಲಿಗೆ ಕಾದು, ಅಲ್ಲಿನ ಗಾಳಿ ಮೇಲೇರತ್ತೆ. ಆ ಜಾಗ ತುಂಬೋದಕ್ಕೆ ಪೆಸಿಫಿಕ್ ಸಾಗರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ, ಬೆಟ್ಟಗಳ ನಡುವಿನ ಕಣಿವೆಗಳಿಂದ ನುಗ್ಗತ್ತೆ. ಅದು ಜೋರಾಗೋದು ಮಧ್ಯಾಹ್ನದ ಮೇಲೆ. ನಾವು ಪಾರ್ಕಿನಲ್ಲಿ ಸ್ಟ್ಯಾಂಡು ನಿಲ್ಲಿಸೋದು ಬೆಳಗ್ಗೆ ಒಂಬತ್ತಕ್ಕೆ, ಒಂದು ಎಲೆಯೂ ಅಲ್ಲಾಡದ ಹೊತ್ತಿನಲ್ಲಿ. ಮಕ್ಕಳ ಡ್ಯಾನ್ಸು ಇರೋದು ಸಂಜೆ ನಾಲ್ಕಕ್ಕೆ. ಬೆಳಗ್ಗೆ ಭದ್ರವಾಗಿದ್ದ ಸ್ಟ್ಯಾಂಡು ಸಂಜೆಗೂ ಭದ್ರ ಅಂತ ಅಂದುಕೊಳ್ಳೋ ಹಾಗಿಲ್ಲ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರತ್ತೆ. ವೇಗ ಎರಡು ಪಟ್ಟಾದ್ರೆ ಒತ್ತಡ ನಾಲ್ಕು ಪಟ್ಟು. ನಮ್ಮ ಸ್ಪೀಕರಿನ ಮುಖ 45 ಸೆಂಟಿಮೀಟರ್ ಅಗಲ, 70 ಎತ್ತರ. ಗಂಟೆಗೆ 36 ಕಿಲೋಮೀಟರ್ ಗಾಳಿ ಅದನ್ನ ಸುಮಾರು 2.3 ಕೆಜಿ ಬಲದಿಂದ ತಳ್ಳತ್ತೆ. 2 ಮೀಟರ್ ಎತ್ತರದಿಂದ ಗುಣಿಸಿದ್ರೆ 4.6. ನಮ್ಮ 7.5ಕ್ಕಿಂತ ಕಡಿಮೆ, ಸ್ಟ್ಯಾಂಡು ನಿಲ್ಲತ್ತೆ. ಒಂದು ಜೋರು ಬೀಸು ಬಂದು ವೇಗ 54 ಕಿಲೋಮೀಟರ್ ಆಯ್ತು ಅನ್ನಿ. ಬಲ 5.2 ಕೆಜಿ, ಎರಡರಿಂದ ಗುಣಿಸಿದ್ರೆ 10.4. ಸ್ಟ್ಯಾಂಡು ಹೋಯ್ತು.

ಜಾಗ ಸಾಲದು ಅಂತ ಕಾಲುಗಳನ್ನ ಪೂರ್ತಿ ಬಿಡಿಸದೆ 40 ಸೆಂಟಿಮೀಟರಿಗೇ ನಿಲ್ಲಿಸಿದ್ರೆ? ಆಸರೆ 20 ಸೆಂಟಿಮೀಟರಿಗೆ ಇಳಿಯತ್ತೆ, ಪ್ರತಿರೋಧ 7.5ರಿಂದ 5ಕ್ಕೆ. ಆಗ 36 ಕಿಲೋಮೀಟರ್ ಗಾಳಿಗೇ ಜೀವ ಕೈಯಲ್ಲಿ ಹಿಡ್ಕೊಂಡು ನಿಂತಿರತ್ತೆ. ಅದೇ ಪೂರ್ತಿ ಬಿಡಿಸಿದ ಸ್ಟ್ಯಾಂಡಿನ ಬುಡದಲ್ಲಿ ಒಂದು 10 ಕೆಜಿ ಮರಳು ಚೀಲ ಇಟ್ರೆ ಪ್ರತಿರೋಧ 10.5ಕ್ಕೆ ಏರತ್ತೆ. 54 ಕಿಲೋಮೀಟರ್ ಬೀಸಿಗೆ ಅದೂ ಅಂಚಿನಲ್ಲೇ. ಹಾಗಾಗಿ ಬಯಲಿನಲ್ಲಿ ಒಂದು ಚೀಲದ ಬದಲು ಎರಡು ಇಡಿ, ಸ್ಪೀಕರನ್ನ ಒಂದಡಿ ಇಳಿಸಿ, ಗಾಳಿ ತೀರಾ ಜೋರಾದ್ರೆ ಕೆಳಗಿಳಿಸಿಬಿಡಿ. ಕಾರ್ಯಕ್ರಮ ಹತ್ತು ನಿಮಿಷ ನಿಂತ್ರೆ ಯಾರೂ ಮನೆಗೆ ಹೋಗೋದಿಲ್ಲ.

ಇದು ಸಣ್ಣ ವೇದಿಕೆಯ ಮಾತಾಯ್ತು. ದೊಡ್ಡದಕ್ಕೂ ಲೆಕ್ಕ ಇದೇ. ಅಮೆರಿಕದ ಇಂಡಿಯಾನಾ ರಾಜ್ಯದ ಜಾತ್ರೆಯಲ್ಲಿ, 2011ರ ಆಗಸ್ಟ್ 13ರ ಸಂಜೆ, ಬಿರುಗಾಳಿಗೆ ಸಿಕ್ಕಿ ವೇದಿಕೆಯ ತಾತ್ಕಾಲಿಕ ಚಾವಣಿ ಕುಸಿದು 7 ಜನ ಸತ್ತರು. ಆ ಚೌಕಟ್ಟನ್ನ ಹಗ್ಗದಿಂದ ಬಿಗಿದಿದ್ದು ನೆಲದ ಮೇಲೆ ಇಟ್ಟಿದ್ದ ಕಾಂಕ್ರೀಟ್ ತಡೆಗೋಡೆಯ ತುಂಡುಗಳಿಗೆ. ಅಡ್ಡ ಎಳೆತಕ್ಕೆ ಅವು ತಡೆಯಲಿಲ್ಲ ಅಂತ ತನಿಖೆ ಹೇಳಿತು. ನಮ್ಮ ಕಡೆಯ ಉದಾಹರಣೆ ಬೇಕಾದ್ರೆ ಆನೇಕಲ್ ತಾಲ್ಲೂಕಿನ ಹುಸ್ಕೂರು ಮದ್ದೂರಮ್ಮನ ಜಾತ್ರೆ ನೋಡಿ. 2024ರ ಏಪ್ರಿಲ್‌ನಲ್ಲಿ ನೂರಡಿಗೂ ಎತ್ತರದ ತೇರು ವಾಲಿ ಬಿತ್ತು, 2025ರ ಮಾರ್ಚ್‌ನಲ್ಲಿ ಗಾಳಿ ಮಳೆಗೆ ಮತ್ತೆ ತೇರು ಉರುಳಿ ಪ್ರಾಣ ಹೋಯ್ತು. ಎತ್ತರ ಏರಿದಷ್ಟೂ ಬುಡ ಹರಡಬೇಕು. ತೇರಾಗಲಿ, ಚಾವಣಿಯಾಗಲಿ, ಸ್ಪೀಕರ್ ಸ್ಟ್ಯಾಂಡಾಗಲಿ, ಇದಕ್ಕೆ ರಿಯಾಯಿತಿ ಇಲ್ಲ.

ಬೇ ಏರಿಯಾದಲ್ಲಿ ಗಾಳಿ ಇಲ್ಲದ ಸಭಾಂಗಣದ ಒಳಗೂ ಒಂದು ಅಡ್ಡಬಲ ಕಾದು ಕೂತಿದೆ. ಅದೇ ಭೂಕಂಪ. ಹೇವರ್ಡ್ ಸ್ತರಭಂಗ ಬರ್ಕ್ಲಿ ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗೇ ಹಾದುಹೋಗತ್ತೆ. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ 6.9 ಪ್ರಮಾಣದ ಲೋಮಾ ಪ್ರಿಯೆಟಾ ಭೂಕಂಪ ಆದಾಗ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ನೋಡೋದಕ್ಕೆ ಜನ ತುಂಬಿದ್ದರು. 2014ರ ಅಕ್ಕ ಸಮ್ಮೇಳನಕ್ಕೆ ಒಂದು ವಾರ ಮೊದಲು, ಆಗಸ್ಟ್ 24ರ ಬೆಳಗಿನ ಜಾವ, ನಾಪಾದಲ್ಲಿ 6.0 ಪ್ರಮಾಣದ ಕಂಪನ ಆಗಿತ್ತು. 2014ರಿಂದ 2043ರ ನಡುವೆ ಈ ಪ್ರದೇಶದಲ್ಲಿ 6.7 ಅಥವಾ ಅದಕ್ಕೂ ದೊಡ್ಡ ಭೂಕಂಪ ಒಂದಾದರೂ ಆಗುವ ಸಂಭವ ಶೇಕಡಾ 72 ಅಂತ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಅಂದಾಜು ಮಾಡಿದೆ.

ನಮ್ಮ ಸ್ಟ್ಯಾಂಡಿನ ಗುರುತ್ವಕೇಂದ್ರ ಸುಮಾರು 1.7 ಮೀಟರ್ ಎತ್ತರದಲ್ಲಿದೆ, ಆಸರೆ 0.3 ಮೀಟರ್. ಹತ್ತು ಡಿಗ್ರಿ ವಾಲಿದ್ರೆ ವಾಪಸ್ ಬರೋದಿಲ್ಲ. ನೆಲದ ಅಡ್ಡ ಅಲುಗಾಟ ಗುರುತ್ವದ ಆರನೇ ಒಂದು ಪಾಲು ಮುಟ್ಟಿದ್ರೆ ಒಂದು ಕಾಲು ನೆಲ ಬಿಡತ್ತೆ. ಆ ಕ್ಷಣಕ್ಕೇ ಬೀಳಲೇಬೇಕು ಅಂತಿಲ್ಲ, ಅಲುಗಾಟ ಎಷ್ಟು ಹೊತ್ತು ಒಂದೇ ದಿಕ್ಕಿಗೆ ಇರತ್ತೆ ಅನ್ನೋದರ ಮೇಲಿದೆ. ಆದ್ರೆ ಲೋಮಾ ಪ್ರಿಯೆಟಾದಲ್ಲಿ ಕೇಂದ್ರದ ಹತ್ತಿರ ಇದರ ಮೂರು ಪಟ್ಟಿಗೂ ಹೆಚ್ಚು ಅಲುಗಾಟ ದಾಖಲಾಗಿತ್ತು. ಹಾಗಾಗಿ ಒಳಾಂಗಣದಲ್ಲೂ ಮರಳು ಚೀಲ ಇರಲಿ, ಸ್ಟ್ಯಾಂಡಿನ ಎತ್ತರದಷ್ಟು ದೂರದಲ್ಲಿ ಕುರ್ಚಿ ಹಾಕಬೇಡಿ, ಹೊರಗೆ ಹೋಗೋ ಬಾಗಿಲ ಪಕ್ಕ ಸ್ಟ್ಯಾಂಡ್ ನಿಲ್ಲಿಸಲೇಬೇಡಿ. ಬಿದ್ದ ಸ್ಪೀಕರ್ ದಾರಿ ಮುಚ್ಚಿದ್ರೆ ಇನ್ನೊಂದು ಅನಾಹುತ.

ಎಷ್ಟು ಎತ್ತರಕ್ಕೆ ಹೋಗಬಹುದು ಅಂತ ಕೇಳೋರಿಗೆ ಬೇ ಏರಿಯಾದ್ದೇ ಒಂದು ಕಥೆ ಇದೆ. 1974ರ ಮಾರ್ಚ್ 23ರಂದು, ಸ್ಯಾನ್ ಫ್ರಾನ್ಸಿಸ್ಕೋಗೆ ಅಂಟಿಕೊಂಡ ಡೇಲಿ ಸಿಟಿಯ ಕೌ ಪ್ಯಾಲೆಸ್‌ನಲ್ಲಿ ಗ್ರೇಟ್‌ಫುಲ್ ಡೆಡ್ ಅನ್ನೋ ಬ್ಯಾಂಡು ವಾಲ್ ಆಫ್ ಸೌಂಡ್, ಅಂದ್ರೆ ಸದ್ದಿನ ಗೋಡೆ, ಅನ್ನೋ ವ್ಯವಸ್ಥೆಯನ್ನ ಮೊದಲ ಸಲ ಪೂರ್ತಿಯಾಗಿ ನಿಲ್ಲಿಸಿತು. ಆರು ನೂರರ ಆಸುಪಾಸು ಸ್ಪೀಕರುಗಳು, ಸುಮಾರು 75 ಟನ್ ಸಾಮಾನು, ಕಲಾವಿದರ ಬೆನ್ನ ಹಿಂದೆ ಮೂರಂತಸ್ತಿನ ಮನೆಯ ಹಾಗೆ ಎದ್ದ ಅಟ್ಟಣಿಗೆ. ಕಟ್ಟೋದಕ್ಕೆ ಎಷ್ಟು ಹೊತ್ತು ಬೇಕಾಗ್ತಿತ್ತು ಅಂದ್ರೆ, ಅವರು ಎರಡು ಜೊತೆ ಅಟ್ಟಣಿಗೆ ಇಟ್ಟುಕೊಂಡಿದ್ರು. ಒಂದು ಊರಲ್ಲಿ ಹಾಡು ನಡೀತಿದ್ರೆ ಇನ್ನೊಂದು ಮುಂದಿನ ಊರಲ್ಲಿ ಎದ್ದು ನಿಲ್ತಾ ಇತ್ತು.

ಅದರಲ್ಲಿ ನಮಗೆ ಪಾಠ ಇರೋದು ಮೈಕ್ ಸ್ಟ್ಯಾಂಡಿನಲ್ಲಿ. ಸ್ಪೀಕರುಗಳು ಹಾಡುಗಾರರ ಹಿಂದಿದ್ದರಿಂದ ಅವುಗಳ ಸದ್ದು ಮೈಕಿಗೇ ವಾಪಸ್ ನುಗ್ಗಿ ಕೂಗೋದಕ್ಕೆ ಶುರು ಮಾಡಬೇಕಿತ್ತು. ಅವರು ಒಂದೊಂದು ಸ್ಟ್ಯಾಂಡಿಗೂ ಎರಡೆರಡು ಮೈಕು ಹತ್ತಿರ ಹತ್ತಿರ ಕಟ್ಟಿ, ಒಂದರ ಸಂಕೇತವನ್ನ ತಿರುಗುಮುರುಗು ಮಾಡಿದ್ರು. ಗೋಡೆಯ ಸದ್ದು ಎರಡಕ್ಕೂ ಸಮನಾಗಿ ಬಂದು ಒಂದನ್ನೊಂದು ಅಳಿಸಿಬಿಡತ್ತೆ. ಒಂದೇ ಮೈಕಿಗೆ ಬಾಯಿಟ್ಟು ಹಾಡಿದ ದನಿ ಮಾತ್ರ ಉಳಿಯತ್ತೆ. ಮೈಕು ಎಲ್ಲಿ ನಿಲ್ಲಬೇಕೋ ಅಲ್ಲೇ, ಅಲ್ಲಾಡದೆ ನಿಂತ್ರೆ ಮಾತ್ರ ಈ ಜಾಣತನ ನಡೆಯೋದು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣದ ಕಛೇರಿಗಳ ನಂತರ ಆ ಗೋಡೆ ಇಳಿಯಿತು. ಅಷ್ಟು ಭಾರ ಊರೂರು ಹೊರೋದು ಆಗದ ಮಾತಾಗಿತ್ತು.

ಮೈಕಿನ ವಿಷಯಕ್ಕೆ ಬಂದ್ವಿ. ನಮ್ಮ ವೇದಿಕೆಗೆ ಒಂದು ವಿಶೇಷ ಇದೆ: ನಮ್ಮ ಕಲಾವಿದರು ಕೂತು ಹಾಡ್ತಾರೆ. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಹರಿಕಥೆಯ ಪಕ್ಕವಾದ್ಯ, ತಾಳಮದ್ದಳೆ. ನಿಂತು ಹಾಡೋರಿಗೆ ಮಾಡಿದ ಎತ್ತರದ ಸ್ಟ್ಯಾಂಡನ್ನೇ ತಂದು, ಅದರ ಅಡ್ಡಕೋಲನ್ನ ಉದ್ದಕ್ಕೆ ಚಾಚಿ ಕೆಳಗೆ ಬಗ್ಗಿಸ್ತೀವಿ. ಅಡ್ಡಕೋಲು ಉದ್ದ ಆದಷ್ಟೂ ತುದಿಯ ಮೈಕಿನ ಭಾರ ಸನ್ನೆಕೋಲಾಗತ್ತೆ. ಕೂತು ಹಾಡೋರಿಗೆ ಗಿಡ್ಡ ಕಂಬದ, ಗಿಡ್ಡ ಅಡ್ಡಕೋಲಿನ ಸ್ಟ್ಯಾಂಡನ್ನೇ ಕೊಳ್ಳಿ. ಮೃದಂಗ, ತಬಲಕ್ಕೂ ಅದೇ ಬೇಕು.

ಉದ್ದದ ಅಡ್ಡಕೋಲು ಬೇಕೇ ಬೇಕು ಅಂದ್ರೆ ಒಂದು ಪುಕ್ಕಟೆ ಉಪಾಯ ಇದೆ. 3 ಕೆಜಿ ಸ್ಟ್ಯಾಂಡು, 30 ಸೆಂಟಿಮೀಟರ್ ಕಾಲು, 80 ಸೆಂಟಿಮೀಟರ್ ದೂರದಲ್ಲಿ 600 ಗ್ರಾಂ ಮೈಕು. ಅಡ್ಡಕೋಲು ಎರಡು ಕಾಲುಗಳ ನಡುವಿನ ಸಂದಿಯ ಕಡೆ ಮುಖ ಮಾಡಿದ್ರೆ, ಪ್ರತಿರೋಧ ಮಗುಚೋ ಬಲಕ್ಕಿಂತ ಸ್ವಲ್ಪವೇ ಹೆಚ್ಚು. ಒಬ್ಬರ ಶಾಲು ತಾಗಿದ್ರೂ ಬೀಳಬಹುದು. ಬುಡವನ್ನ ತಿರುಗಿಸಿ ಒಂದು ಕಾಲು ಸರಿಯಾಗಿ ಅಡ್ಡಕೋಲಿನ ಕೆಳಗೆ ಬರೋ ಹಾಗೆ ಮಾಡಿ. ಪ್ರತಿರೋಧ ಮಗುಚೋ ಬಲದ ಮೂರು ಪಟ್ಟಾಗತ್ತೆ. ದುಡ್ಡು ಖರ್ಚಿಲ್ಲ. ಮರಳು ಚೀಲವನ್ನ ಇದರ ಎದುರು ಬದಿಗೆ ಇಡಿ. ಸ್ಪೀಕರಿಗಾದ್ರೆ ಗಾಳಿ ಯಾವ ಕಡೆಯಿಂದ ಬರತ್ತೋ ಗೊತ್ತಿಲ್ಲದ್ದರಿಂದ ಚೀಲ ನಡುವಿಗೇ ಇರಲಿ.

ಕೀಬೋರ್ಡಿಗೆ, ಕೆಲವೊಮ್ಮೆ ಹಾರ್ಮೋನಿಯಮ್ಮಿಗೂ, ಕತ್ತರಿಯಾಕಾರದ ಸ್ಟ್ಯಾಂಡ್ ತರ್ತೀವಲ್ಲ, ಅದರ ಗುಟ್ಟೂ ಇಂಥದ್ದೇ. ಕತ್ತರಿಯ ಒಂದೊಂದು ತೋಳು 1 ಮೀಟರ್ ಅನ್ನಿ. 60 ಸೆಂಟಿಮೀಟರ್ ಎತ್ತರಕ್ಕೆ ಇಟ್ರೆ ಬುಡದ ಅಗಲ 80. 80ಕ್ಕೆ ಏರಿಸಿದ್ರೆ ಅಗಲ 60. ನಿಂತು ನುಡಿಸೋದಕ್ಕೆ 95ಕ್ಕೆ ಏರಿಸಿದ್ರೆ ಅಗಲ ಬರೀ 31! ಎತ್ತರ ಬೇಕಾದ ಹೊತ್ತಿನಲ್ಲೇ ಬುಡ ಕೈಕೊಡತ್ತೆ. ಕೂತು ನುಡಿಸೋರಿಗೆ ಕತ್ತರಿ ಸಾಕು. ನಿಂತು ನುಡಿಸೋರಿಗೆ ಮೇಜಿನ ಥರದ ನಾಲ್ಕು ಕಾಲಿನದ್ದು ವಾಸಿ.

ಕೊನೆಗೆ, ಅಂಗಡಿಗೆ ಹೋಗೋವಾಗ ನೆನಪಿಡಬೇಕಾದ ಎರಡು ಅಳತೆ. ಸ್ಪೀಕರಿನ ಬುಡದ ತೂತು ಸಾಮಾನ್ಯವಾಗಿ 35 ಮಿಲಿಮೀಟರ್ ಕೊಳವೆಗೆ ಮಾಡಿದ್ದು. ಅಮೆರಿಕದಲ್ಲಿ ಒಂದೂವರೆ ಇಂಚು, ಅಂದ್ರೆ 38 ಮಿಲಿಮೀಟರಿನದ್ದೂ ಸಿಗತ್ತೆ. ದೊಡ್ಡ ತೂತಿಗೆ ಸಣ್ಣ ಕೊಳವೆ ಹಾಕಿದ್ರೆ ಸ್ಪೀಕರ್ ಮೊದಲೇ ಒಂದೆರಡು ಡಿಗ್ರಿ ವಾಲಿಕೊಂಡಿರತ್ತೆ; ನಮಗಿರೋದೇ ಹತ್ತು ಡಿಗ್ರಿ. ಮೈಕ್ ಸ್ಟ್ಯಾಂಡಿನ ತಿರುಪು ಅಮೆರಿಕದಲ್ಲಿ ಹೆಚ್ಚಾಗಿ 5/8 ಇಂಚು, ಯುರೋಪಿನಲ್ಲಿ 3/8. ಎರಡನ್ನೂ ಹೊಂದಿಸೋ ಸಣ್ಣ ಹಿತ್ತಾಳೆ ಬಳೆಗಳು ನಾಲ್ಕು ಜೇಬಿನಲ್ಲಿದ್ರೆ ಊರಿಂದ ಬಂದ ಕಲಾವಿದರ ಮೈಕೂ ನಿಮ್ಮ ಸ್ಟ್ಯಾಂಡಿಗೆ ಕೂರತ್ತೆ. ಎತ್ತರ ಹಿಡಿದಿಡೋದಕ್ಕೆ ಬರೀ ತಿರುಗಣೆ ನಂಬಬೇಡಿ. ಕೊಳವೆಯ ತೂತಿನೊಳಗೆ ಅಡ್ಡ ಹಾಕೋ ಉಕ್ಕಿನ ಪಿನ್ನು ಇರೋ ಸ್ಟ್ಯಾಂಡನ್ನೇ ಆರಿಸಿ. ಮತ್ತೆ ಅಲ್ಯುಮಿನಿಯಮ್ಮೋ ಉಕ್ಕೋ ಅಂತ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಸ್ಟ್ಯಾಂಡು 3 ಕೆಜಿ ಹೆಚ್ಚಾದ್ರೆ ಪ್ರತಿರೋಧ 0.9 ಹೆಚ್ಚತ್ತೆ. ಕಾಲು 10 ಸೆಂಟಿಮೀಟರ್ ಹೆಚ್ಚು ಚಾಚಿದ್ರೆ 1.25 ಹೆಚ್ಚತ್ತೆ, ನಿಮ್ಮ ಬೆನ್ನೂ ಉಳಿಯತ್ತೆ.

ಅಂಗಡಿಯಲ್ಲೇ ಸ್ಟ್ಯಾಂಡನ್ನ ಪೂರ್ತಿ ಬಿಡಿಸಿ, ಒಳಗಿನ ಪಟ್ಟಿಗಳು ನೆಲಕ್ಕೆ ಸಮಾನಾಂತರ ಆಗೋವರೆಗೆ. ಕಾಲಿನ ತುದಿಯಿಂದ ನಡುಗಂಬಕ್ಕೆ ಅಳೆಯಿರಿ, ಅರ್ಧ ಮಾಡಿ, ಸ್ಪೀಕರು ಮತ್ತು ಸ್ಟ್ಯಾಂಡಿನ ಒಟ್ಟು ತೂಕದಿಂದ ಗುಣಿಸಿ. ಎರಡು ಸ್ಟ್ಯಾಂಡುಗಳಲ್ಲಿ ಯಾವುದರ ಸಂಖ್ಯೆ ದೊಡ್ಡದೋ ಅದನ್ನ ತನ್ನಿ. ಜೊತೆಗೆ ಮರಳು ಚೀಲಗಳನ್ನ ಅದೇ ಬಿಲ್ಲಿನಲ್ಲಿ ಬರೆಸಿಬಿಡಿ. ಆಮೇಲೆ ನೋಡೋಣ ಅಂದ್ರೆ ಅವು ಯಾವತ್ತೂ ಬರೋದಿಲ್ಲ.

ನಿಮ್ಮ ಊರಿನ ಕೂಟದಲ್ಲಿ, ಅದು ಫ್ರೀಮಾಂಟ್ ಆಗಲಿ, ದುಬೈ ಆಗಲಿ, ದಾವಣಗೆರೆ ಆಗಲಿ, ಮುಂದಿನ ಕಾರ್ಯಕ್ರಮದ ದಿನ ಬಾಗಿಲು ತೆರೆಯೋ ಮೊದಲು ಐದು ನಿಮಿಷ ತಗೊಂಡು ಸ್ಟ್ಯಾಂಡುಗಳ ಸುತ್ತ ಒಂದು ಸುತ್ತು ಹಾಕಿ. ಸ್ಪೀಕರ್ ಸ್ಟ್ಯಾಂಡಿನ ಲೆಕ್ಕ ಬಂದ್ರೆ ನಮಗೂ ಬರೆದು ಕಳಿಸಿ, ಕಾಲೆಷ್ಟು, ಭಾರವೆಷ್ಟು ಅಂತ.